ಗೇರ್‌ಬಾಕ್ಸ್ ಕೈ ಕೊಟ್ಟರೆ ವಾರಂಟಿ ಕೈ ಹಿಡಿಯುತ್ತಾ? ಮಲೆನಾಡಿನ ಸೆಕೆಂಡ್ ಹ್ಯಾಂಡ್ ಕಾರಿನವರಿಗೆ

ಮಲೆನಾಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರಿಗೆ ಒಂದು ವಿಚಿತ್ರ ತೊಂದರೆ ಇದೆ. ಗಾಡಿ ಕೆಡುವುದು ಘಾಟಿಯಲ್ಲಿ, ಅದನ್ನು ಚೆಕ್ ಮಾಡುವುದು ಶಿವಮೊಗ್ಗದ ಸಪಾಟು ರಸ್ತೆಯಲ್ಲಿ. ಆಗುಂಬೆಯ 14 ತಿರುವು ಹತ್ತಿ ಬರುವಷ್ಟರಲ್ಲಿ ಕಾದು ಕೆಂಡವಾದ ಗೇರ್‌ಬಾಕ್ಸ್ ಎರಡನೇ ಗೇರಿಗೆ ಬೀಳದೆ ಒದ್ದಾಡಿದ್ದನ್ನು ನೀವು ಕಣ್ಣಾರೆ ನೋಡಿರುತ್ತೀರಿ. ಮಾರನೇ ದಿನ ತಣ್ಣಗಾದ ಅದೇ ಗಾಡಿಯನ್ನು ಸರ್ವೀಸ್ ಸೆಂಟರಿನ ಹುಡುಗ ಸಾಗರ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, 'ಏನೂ ಇಲ್ಲ ಸಾರ್, ಚೆನ್ನಾಗೇ ಇದೆ' ಅನ್ನುತ್ತಾನೆ. ತೊಂದರೆ ಕಂಡುಬಂದಿಲ್ಲ ಅಂತ ಬರೆದು ಗಾಡಿ ವಾಪಸ್ ಕೊಡುತ್ತಾರೆ. ಅಷ್ಟರಲ್ಲಿ ವಾರಂಟಿಯ ದಿನಗಳು ಓಡುತ್ತಲೇ ಇರುತ್ತವೆ.

ಈ ಜಗಳದಲ್ಲಿ ಗೆಲ್ಲಲು ಮೆಕ್ಯಾನಿಕ್ ಆಗಿರಬೇಕಾಗಿಲ್ಲ. ಯಾವ ತೊಂದರೆ, ಯಾವ ಸ್ಥಿತಿಯಲ್ಲಿ, ಯಾವ ತಾರೀಖಿಗೆ ಬಂತು ಅನ್ನುವುದನ್ನು ಅವರದೇ ಕಾಗದದಲ್ಲಿ ಬರೆಸಿಕೊಂಡಿದ್ದರೆ ಅರ್ಧ ಗೆದ್ದ ಹಾಗೆ. ಆದರೆ ಸರಿಯಾಗಿ ಬರೆಸಬೇಕು ಅಂದರೆ ಬಾನೆಟ್ ಕೆಳಗೆ ಏನು ನಡೆಯುತ್ತಿದೆ ಅನ್ನುವುದು ಸ್ವಲ್ಪವಾದರೂ ಗೊತ್ತಿರಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ನಿಮ್ಮ ಕೈಲಿರುವುದು ಯಾವ ವಾರಂಟಿ?

'ವಾರಂಟಿ ಇದೆ' ಅಂತ ಎಲ್ಲರೂ ಹೇಳುತ್ತಾರೆ. ಯಾರು ಕೊಟ್ಟಿದ್ದು ಅಂತ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರಿನ ಮಟ್ಟಿಗೆ ಈ ಒಂದೇ ಪದದ ಕೆಳಗೆ ಬೇರೆ ಬೇರೆ ಕಾಗದಗಳಿವೆ.

ಕಾರು ಹೊಸದಾಗಿದ್ದಾಗ ಕಂಪನಿ ಕೊಟ್ಟ ವಾರಂಟಿ ಇನ್ನೂ ಉಳಿದಿದ್ದರೆ ಅದೇ ಎಲ್ಲಕ್ಕಿಂತ ಗಟ್ಟಿ. ಅದರ ಲೆಕ್ಕ ಶುರುವಾಗುವುದು ಮೊದಲ ಮಾಲೀಕರು ಕಾರು ತಗೊಂಡ ದಿನದಿಂದ. ನೀವು ತಗೊಂಡ ದಿನದಿಂದ ಅಲ್ಲ. ಉದಾಹರಣೆಗೆ ಮಾರುತಿ ಸುಜುಕಿ 2024ರ ಜುಲೈನಲ್ಲಿ ತನ್ನ ಮಾಮೂಲಿ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ನಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಹಾಗಾಗಿ ಒಂದೇ ಮಾಡೆಲ್ ಆದರೂ ಯಾವ ತಿಂಗಳಲ್ಲಿ ಮಾರಾಟವಾಗಿದ್ದು ಅನ್ನುವುದರ ಮೇಲೆ ಉಳಿದಿರುವ ವಾರಂಟಿ ಬದಲಾಗಬಹುದು. ಅದರ ಮೇಲೆ ದುಡ್ಡು ಕೊಟ್ಟು ಮಾಡಿಸಿದ ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಅದು ನಿಮ್ಮ ಹೆಸರಿಗೆ ಬಂದಿದೆಯಾ ನೋಡಿ. ಆರ್‌ಸಿ ವರ್ಗಾವಣೆಯಾದರೆ ಇದೂ ತಾನಾಗಿ ಬರುತ್ತದೆ ಅಂತ ನಂಬಿ ಕೂರಬೇಡಿ. ಕೆಲವು ಕಂಪನಿಗಳಿಗೆ ಹೊಸ ಮಾಲೀಕರ ವಿವರ ಕೊಟ್ಟು ಅರ್ಜಿ ಹಾಕಬೇಕು. ಚಾಸಿ ನಂಬರ್ ಕೊಟ್ಟರೆ ಕಂಪನಿಯ ಯಾವುದೇ ಸರ್ವೀಸ್ ಸೆಂಟರಿನಲ್ಲಿ ವಾರಂಟಿ ಯಾವತ್ತಿನವರೆಗೆ ಇದೆ, ಹಿಂದೆ ಯಾವ ಕೆಲಸ ಆಗಿದೆ ಅನ್ನುವುದು ಅವರ ಕಂಪ್ಯೂಟರಿನಲ್ಲೇ ಸಿಗುತ್ತದೆ.

ಇನ್ನೊಂದು, ಕಾರು ಕಂಪನಿಗಳದೇ ಸೆಕೆಂಡ್ ಹ್ಯಾಂಡ್ ಶೋರೂಮುಗಳು ಅಥವಾ ಆನ್‌ಲೈನಿನಲ್ಲಿ ಮಾರುವವರು ಕೊಡುವ ಸರ್ಟಿಫೈಡ್ ವಾರಂಟಿ. ಮತ್ತೊಂದು, ಊರಿನ ಡೀಲರ್ ಯಾವುದೋ ಮೂರನೇ ಕಂಪನಿಯಿಂದ ಮಾಡಿಸಿಕೊಡುವ 'ಎಂಜಿನ್ ಗೇರ್‌ಬಾಕ್ಸ್ ವಾರಂಟಿ'. ಈ ಎರಡರಲ್ಲೂ ಕಾಗದದ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವುದೇ ನಿಜವಾದ ವಾರಂಟಿ. ಒಂದು ಕ್ಲೇಮಿಗೆ ಇಂತಿಷ್ಟೇ ಅಂತ ಮಿತಿ ಇರಬಹುದು. ಮೊದಲ ಕೆಲವು ದಿನ ಲೆಕ್ಕಕ್ಕಿಲ್ಲ ಅಂತ ಇರಬಹುದು. ಅವರು ಹೇಳಿದ ವರ್ಕ್‌ಶಾಪಿಗೇ ಹೋಗಬೇಕು, ಅವರ ಒಪ್ಪಿಗೆ ಬರುವ ಮೊದಲು ಒಂದು ಬೋಲ್ಟೂ ಬಿಚ್ಚಬಾರದು ಅಂತ ಇರಬಹುದು. ಆ ವರ್ಕ್‌ಶಾಪ್ ಬೆಂಗಳೂರಿನಲ್ಲಿದ್ದು ಕಾರು ತೀರ್ಥಹಳ್ಳಿಯಲ್ಲಿ ನಿಂತರೆ 300 ಕಿ.ಮೀ. ಮೀರಿದ ಟೋಯಿಂಗ್ ಖರ್ಚು ಯಾರದು? ತಗೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ ಇದು. ಆಗ ಕೇಳಿದರೆ ಮಾರುವವರು ನಗುನಗುತ್ತಾ ಉತ್ತರ ಕೊಡುತ್ತಾರೆ, ಆಮೇಲೆ ಕೇಳಿದರೆ ಫೋನೇ ಎತ್ತುವುದಿಲ್ಲ.

ಕೊನೆಯದು ಬ್ರೋಕರ್ ಬಾಯಿಮಾತು. 'ಆರು ತಿಂಗಳು ನಾನಿದೀನಲ್ಲ ಅಣ್ಣ' ಅನ್ನುವ ಜಾತಿ. ಅದನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಆ ವಾರಂಟಿ ಇಲ್ಲ ಅಂತಲೇ ಲೆಕ್ಕ ಹಾಕಿ ರೇಟು ಮಾತಾಡಿ.

ಇನ್ಶೂರೆನ್ಸ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಮಾಮೂಲಿ ವಾಹನ ವಿಮೆ ಸವೆತಕ್ಕೂ, ಮೆಕ್ಯಾನಿಕಲ್ ಕೆಡುಕಿಗೂ ದುಡ್ಡು ಕೊಡುವುದಿಲ್ಲ. ನೀರು ನುಗ್ಗಿಯೋ, ಆಯಿಲ್ ಸೋರಿಯೋ ಎಂಜಿನ್, ಗೇರ್‌ಬಾಕ್ಸ್ ಹಾಳಾದರೆ ಅದಕ್ಕೆ ಬೇರೆ ಆಡ್-ಆನ್ ಇದೆ. ತುಂಗಾ ತೀರದಲ್ಲೋ, ಮಳೆಗಾಲದಲ್ಲಿ ಹಳ್ಳ ದಾಟುವ ದಾರಿಯಲ್ಲೋ ಮನೆ ಇದ್ದರೆ ಅದನ್ನು ಹಾಕಿಸುವುದು ಒಳ್ಳೆಯದು. ಯಾಕೆಂದರೆ ನೀರು ಹೊಕ್ಕ ಗೇರ್‌ಬಾಕ್ಸನ್ನು ಯಾವ ವಾರಂಟಿಯವರೂ ಮುಟ್ಟುವುದಿಲ್ಲ.

ಯಾವ ಗೇರ್‌ಬಾಕ್ಸ್ ಹೇಗೆ ಕೆಡುತ್ತದೆ

ಎಲ್ಲಕ್ಕೂ ಮೊದಲು ಅಗ್ಗದ ಕಾರಣಗಳು. ಆಟೋಮ್ಯಾಟಿಕ್ ಕಾರಿನಲ್ಲಿ ಲಿವರ್ ಪಿ (ಪಾರ್ಕ್) ಇಂದ ಕದಲದಿದ್ದರೆ, ಎಎಂಟಿಯಲ್ಲಿ (ಕ್ಲಚ್, ಗೇರ್ ಎರಡನ್ನೂ ಯಂತ್ರವೇ ಹಾಕುವ ಮ್ಯಾನ್ಯುಯಲ್ ಗೇರ್‌ಬಾಕ್ಸ್) ಗೇರೇ ಬೀಳದಿದ್ದರೆ ಬ್ರೇಕ್ ಲೈಟ್ ಸ್ವಿಚ್ ಹೋಗಿರಬಹುದು. ಬ್ರೇಕ್ ಒತ್ತಿದ್ದು ಕಂಪ್ಯೂಟರಿಗೆ ಗೊತ್ತಾಗದಿದ್ದರೆ ಅದು ಗೇರ್ ಬಿಡುವುದಿಲ್ಲ. ಕಾರಿನ ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಲೈಟ್ ಉರಿಯುತ್ತಾ ನೋಡಲು ಹೇಳಿ, ಅಷ್ಟೇ. ಬ್ಯಾಟರಿ ಸೋತಿದ್ದರೂ ಹೀಗೇ ಆಗುತ್ತದೆ, ಎಎಂಟಿಯ ಪಂಪು ಓಡುವುದೇ ಕರೆಂಟಿನಲ್ಲಿ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಇದು ಸಾಮಾನ್ಯ. ಇನ್ನು ನಮ್ಮ ಕಡೆಯ ವಿಶೇಷ, ಇಲಿ. ಅಡಿಕೆ ಮನೆಯ ಪಕ್ಕ ಕಾರು ನಿಲ್ಲಿಸಿದರೆ ಬೆಚ್ಚಗಿನ ಎಂಜಿನ್ ಮೇಲೆ ಅದರ ಸಂಸಾರ. ಸ್ಪೀಡ್ ಸೆನ್ಸರಿನ ಒಂದು ವೈರ್ ಕಡಿದರೂ ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ದೀಪ ಹತ್ತುತ್ತದೆ. ಇಲಿ ಕಡಿದಿದ್ದಕ್ಕೆ ವಾರಂಟಿ ಸಿಗುವುದಿಲ್ಲ. ಆದರೆ ಸುಮ್ನೆ ಗೇರ್‌ಬಾಕ್ಸ್ ಇಳಿಸುವುದು ತಪ್ಪುತ್ತದೆ.

ಎಷ್ಟೋ ಸಲ ಶಬ್ದ ಬರುವುದೂ ಗೇರ್‌ಬಾಕ್ಸಿನಿಂದಲ್ಲ. ಹಿಮ್ಮುರಿ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಅಂದರೆ ಆಕ್ಸಲ್ಲಿನ ತುದಿಯ ಜಾಯಿಂಟ್ ನೋಡಿಸಿ. ಒಂದೇ ಸಮ ಹುಂ ಅನ್ನುವ ಸದ್ದು ಗಾಡಿಯನ್ನು ಎಡಕ್ಕೆ ಬಲಕ್ಕೆ ವಾಲಿಸಿದಾಗ ಬದಲಾದರೆ ಅದು ವೀಲ್ ಬೇರಿಂಗ್ ಇರಬಹುದು. ಗೇರ್ ಬಿದ್ದಾಗ ಧಡ್ ಅಂತ ಹೊಡೆದರೆ ಎಂಜಿನ್ ಮೌಂಟಿಂಗ್ ಕೂಡ ಹೋಗಿರಬಹುದು.

ಮ್ಯಾನ್ಯುಯಲ್ ಗೇರಿನಲ್ಲಿ ಎರಡು ಭಾಗ ಬೇರೆ ಬೇರೆ ಮಾಡಿ ನೋಡಿ, ಕ್ಲಚ್ ಒಂದು, ಗೇರ್‌ಬಾಕ್ಸಿನ ಒಳಗಿನದು ಇನ್ನೊಂದು. ಎತ್ತರದ ಗೇರಿನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಸರ್ರನೆ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗೇರ್ ಹಾಕುವಾಗ ಕರ್ ಅಂತ ಉಜ್ಜಿದ ಸದ್ದು ಒಂದೇ ಗೇರಿನಲ್ಲಿ ಬಂದರೆ ಒಳಗಿನ ಸಿಂಕ್ರೊನೈಸರ್ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಬಳೆ) ಸವೆದಿದೆ ಅಂತ ಅನುಮಾನಿಸಿ. ಎಲ್ಲ ಗೇರಿನಲ್ಲೂ ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅನುಮಾನ. ಘಾಟಿ ಇಳಿಯುವವರಿಗೆ ಗೊತ್ತಿರಲೇಬೇಕಾದ ಲಕ್ಷಣ ಇನ್ನೊಂದಿದೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುತ್ತಿರುವಾಗ ಲಿವರ್ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬರುವುದು. ಗೇರಿನ ಹಲ್ಲುಗಳು ಕಚ್ಚಿಕೊಳ್ಳುವ ಜಾಗ ಸವೆದಾಗಲೋ, ಲಿವರಿನ ಕೇಬಲ್ ಹೊಂದಾಣಿಕೆ ತಪ್ಪಿದಾಗಲೋ ಹೀಗಾಗುತ್ತದೆ. ಸಪಾಟು ರಸ್ತೆಯಲ್ಲಿ ಇದು ಕಾಣದೇ ಇರಬಹುದು. ಹುಲಿಕಲ್ ಘಾಟಿಯಲ್ಲಿ ಆದರೆ ಎಂಜಿನ್ ಹಿಡಿತ ಒಮ್ಮೆಲೇ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ. ಇದನ್ನು ಹೇಳುವಾಗ 'ಗೇರ್ ಸರಿ ಇಲ್ಲ' ಅನ್ನಬೇಡಿ. 'ಇಳಿಜಾರಿನಲ್ಲಿ ಎರಡನೇ ಗೇರ್ ಕಳಚುತ್ತದೆ, ಜೀವಕ್ಕೆ ಅಪಾಯ' ಅಂತ ಬರೆಸಿ.

ಎಎಂಟಿ ನಮ್ಮಲ್ಲಿ ಮನೆಮಾತಾದದ್ದು 2014ರ ಸೆಲೆರಿಯೋ ಬಂದ ಮೇಲೆ. ಈಗ ಸೆಕೆಂಡ್ ಹ್ಯಾಂಡಿನಲ್ಲಿ ಬೇಕಾದಷ್ಟು ಸಿಗುತ್ತವೆ. ಇದು ಬೇರೆ ಏನೋ ಅಲ್ಲ, ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಕಾಲಿನಿಂದ ಕ್ಲಚ್ ಒತ್ತುವ ಕೆಲಸ, ಕೈಯಿಂದ ಗೇರ್ ಹಾಕುವ ಕೆಲಸ ಎರಡನ್ನೂ ಕಂಪ್ಯೂಟರ್ ಹೇಳಿದ ಹಾಗೆ ಒಂದು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ಮುಂದಕ್ಕೆ ತಲೆ ತೂಗಿದ ಹಾಗಾಗುವುದು ಇದರ ಗುಣ, ದೋಷವಲ್ಲ. ದೋಷ ಅಂದರೆ ಡಿ (ಡ್ರೈವ್) ಹಾಕಿದರೂ ಎನ್ (ನ್ಯೂಟ್ರಲ್) ಅಂತ ಮಿನುಗುವುದು, ಏರಿನಲ್ಲಿ ಗೇರ್ ಬಿಟ್ಟು ನ್ಯೂಟ್ರಲ್ಲಿಗೆ ಹೋಗುವುದು, ಸುಟ್ಟ ವಾಸನೆ ಬರುವುದು.

ಮಲೆನಾಡಿನಲ್ಲಿ ಎಎಂಟಿಯ ಕ್ಲಚ್ ತಿನ್ನುವುದು ಘಾಟಿಗಿಂತ ಜಾಸ್ತಿ ಮನೆಯ ದಾರಿ ಅಂತ ನನ್ನ ಅಭಿಪ್ರಾಯ. ಘಾಟಿಯಲ್ಲಿ ಗಾಡಿ ಓಡುತ್ತಿರುತ್ತದೆ, ಕ್ಲಚ್ ಪೂರ್ತಿ ಕಚ್ಚಿಕೊಂಡಿರುತ್ತದೆ. ರಸ್ತೆಯಿಂದ ಅಂಗಳಕ್ಕೆ ಹತ್ತುವ ಆ ಕಡಿದಾದ ಮಣ್ಣಿನ ಏರಿದೆಯಲ್ಲ, ಅಲ್ಲಿ, ಅದೂ ಮಳೆಗಾಲದಲ್ಲಿ, ಹಿಂದೆ ನಾಲ್ಕು ಜನ ಕೂತಿರುವಾಗ, ರಿವರ್ಸಿನಲ್ಲಿ ಇಂಚಿಂಚು ಹತ್ತಿಸುತ್ತಾ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೇ ಗಾಡಿಯನ್ನು ನಿಲ್ಲಿಸಿಕೊಂಡರೆ ಪ್ಲೇಟು ಅರೆಬರೆ ಕಚ್ಚಿ ಉಜ್ಜುತ್ತಲೇ ಇರುತ್ತದೆ. ಉಜ್ಜಿದಷ್ಟೂ ಬಿಸಿ, ಬಿಸಿಯಾದಷ್ಟೂ ಜಾರುವಿಕೆ. ನಿಲ್ಲಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹತ್ತುವಾಗ ಒಂದೇ ಓಟಕ್ಕೆ ಹತ್ತಿಸಿ.

ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟ್. ಪುಲ್ಲಿ ಅಗಲ ಕಿರಿದಾದಂತೆ ಅನುಪಾತ ಬದಲಾಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೊದಲು ಕೂಗಿ ಆಮೇಲೆ ಗಾಡಿ ಹೋಗುವುದು ಇದರ ಜಾಯಮಾನ. ಅದನ್ನು ದೂರು ಅಂತ ಹೇಳಿದರೆ ಅವರು ನಗುತ್ತಾರೆ, ಆಮೇಲೆ ನಿಜವಾದ ತೊಂದರೆ ಹೇಳಿದರೂ ನಂಬುವುದಿಲ್ಲ. ಹೊರಡುವಾಗ ಗಡಗಡ ನಡುಗುವುದು, ವೇಗದ ಜೊತೆ ಏರುವ ಕೀರಲು ಸದ್ದು, ಉದ್ದ ಏರಿನ ಕೊನೆಗೆ ಶಕ್ತಿ ಕುಂದಿ ದೀಪ ಹತ್ತುವುದು, ಇವು ದೂರು. ಇದಕ್ಕೆ ಹಾಕುವ ಆಯಿಲ್ ಬೇರೆಯದೇ. ಹಿಂದಿನ ಮಾಲೀಕರು ಹೊರಗೆ ಬೇರೆ ಆಯಿಲ್ ಹಾಕಿಸಿದ್ದರೆ ಬೆಲ್ಟ್ ಜಾರಿ ಒಳಗೆಲ್ಲ ಲೋಹದ ಪುಡಿಯಾಗಬಹುದು.

ಟಾರ್ಕ್ ಕನ್ವರ್ಟರ್ ಇರುವ ಹಳೇ ಮಾದರಿಯ ಆಟೋಮ್ಯಾಟಿಕ್ ನನ್ನ ಪ್ರಕಾರ ಘಾಟಿಗೆ ಎಲ್ಲಕ್ಕಿಂತ ಸಹನೆಯದು. ಎಂಜಿನ್ನಿಗೂ ಗೇರಿಗೂ ನಡುವೆ ಇರುವುದು ಆಯಿಲ್, ಹಾಗಾಗಿ ನಿಧಾನದ ಏರಿನಲ್ಲಿ ಉಜ್ಜಿ ಸವೆಯುವ ಪ್ಲೇಟಿನ ತಲೆನೋವು ಕಡಿಮೆ. ಆದರೆ ಎಲ್ಲವೂ ಆ ಆಯಿಲ್ ಮೇಲೇ ನಿಂತಿದೆ. ಪಿ ಇಂದ ಡಿ ಹಾಕಿದ ಮೇಲೆ ಗಾಡಿ ಕಚ್ಚಿಕೊಳ್ಳಲು ತಡವಾದರೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಚ್ಚರ.

ಡಿಸಿಟಿಯಲ್ಲಿ ಎರಡು ಕ್ಲಚ್. ಒಣ ಕ್ಲಚ್ಚಿನವುಗಳಿಗೆ, ಅಂದರೆ ಕ್ಲಚ್ ಆಯಿಲಿನಲ್ಲಿ ಮುಳುಗಿರದವುಗಳಿಗೆ, ಬಿಸಿಯೇ ಶತ್ರು. ಏರಿನಲ್ಲಿ ಲಾರಿಯ ಹಿಂದೆ ತೆವಳುತ್ತಾ ಹೋದರೆ ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಎಚ್ಚರಿಕೆ ಬರಬಹುದು. ಬಂದರೆ ಬದಿಗೆ ಹಾಕಿ, ಪಾರ್ಕಿನಲ್ಲಿಟ್ಟು ತಣ್ಣಗಾಗಲು ಬಿಡಿ. ಆ ಎಚ್ಚರಿಕೆಯ ಫೋಟೋ ಮಾತ್ರ ತಪ್ಪದೆ ತೆಗೆಯಿರಿ.

ಸವೆತ ಅಂತಾರೆ, ಒಪ್ಪಬೇಡಿ, ಸಾಕ್ಷಿ ಕೇಳಿ

ಕ್ಲೇಮ್ ತಿರಸ್ಕರಿಸುವ ದೊಡ್ಡ ಬಾಗಿಲು ಇದು. ಕ್ಲಚ್ ಪ್ಲೇಟ್ ಚಪ್ಪಲಿಯ ಅಟ್ಟೆಯ ಹಾಗೆ, ಸವೆಯಲೆಂದೇ ಇರುವುದು. ಹಾಗಾಗಿ ಹೆಚ್ಚಿನ ವಾರಂಟಿಗಳಲ್ಲಿ ಅದಕ್ಕೆ ದುಡ್ಡಿಲ್ಲ. ಇದು ನ್ಯಾಯವೇ. ತೊಂದರೆ ಏನೆಂದರೆ, ಮಲೆನಾಡಿನ ವಿಳಾಸ ನೋಡಿದ ಕೂಡಲೇ ಎಲ್ಲವನ್ನೂ ಆ ಪ್ಲೇಟಿನ ತಲೆಗೆ ಕಟ್ಟುತ್ತಾರೆ. 'ಘಾಟಿ ಗಾಡಿ ಸಾರ್, ಕ್ಲಚ್ ಹೋಗೋದೇ' ಅಂತ ಒಂದೇ ಮಾತು.

ಪ್ಲೇಟ್ ಹೇಗೆ ಹೋಯಿತು ಅನ್ನುವುದನ್ನು ಬಿಚ್ಚಿದ ಪ್ಲೇಟೇ ಹೇಳುತ್ತದೆ. ಲೈನಿಂಗ್ ಸಮನಾಗಿ ತೆಳುವಾಗಿ ರಿವೆಟ್ ಕಾಣುವಷ್ಟು ಸವೆದಿದ್ದರೆ ಅದು ಸವೆತ, ಜಗಳ ಬೇಡ, ದುಡ್ಡು ಕೊಟ್ಟು ಹಾಕಿಸಿ. ಲೈನಿಂಗ್ ಇನ್ನೂ ದಪ್ಪಗಿದ್ದು ಆಯಿಲಿನಲ್ಲಿ ನೆನೆದಿದ್ದರೆ ಕಥೆ ಬೇರೆ. ಎಂಜಿನ್ ಹಿಂದಿನ ಸೀಲೋ, ಗೇರ್‌ಬಾಕ್ಸ್ ಶಾಫ್ಟಿನ ಸೀಲೋ ಸೋರಿ ಆಯಿಲ್ ಪ್ಲೇಟಿಗೆ ಬಿದ್ದಿದೆ. ಮೂಲ ದೋಷ ಸೀಲಿನದು, ಪ್ಲೇಟ್ ಅದರ ಪರಿಣಾಮ. ಪ್ಲೇಟಿನ ಸ್ಪ್ರಿಂಗ್ ಮುರಿದಿದ್ದರೆ ಅದೂ ಉಜ್ಜಿ ಸವೆದಿದ್ದಲ್ಲ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಮೇಲೆ ನೀಲಿ ಕಲೆಗಳಿದ್ದರೆ ವಿಪರೀತ ಬಿಸಿಯಾಗಿದೆ. ಅಲ್ಲಿ ಅವರು 'ನೀವು ಓಡಿಸಿದ್ದು ಸರಿ ಇಲ್ಲ' ಅನ್ನುತ್ತಾರೆ. ಎಎಂಟಿ ಆಗಿದ್ದರೆ ನೀವು ತಿರುಗಿ ಕೇಳಬಹುದಾದ ಪ್ರಶ್ನೆ ಒಂದಿದೆ: ಕ್ಲಚ್ ಒತ್ತಿ ಬಿಡುತ್ತಿದ್ದದ್ದು ನಾನಲ್ಲ, ನಿಮ್ಮ ಯಂತ್ರ. ಅದು ಪೂರ್ತಿ ಕಚ್ಚಿಸುತ್ತಿತ್ತು ಅನ್ನುವುದನ್ನು ಸ್ಕ್ಯಾನರಿನಲ್ಲಿ ತೋರಿಸಿ.

ಸಾಗರದ ಕಡೆಯ ನಮ್ಮ ನೆಂಟರೊಬ್ಬರ ಕಾರಿನಲ್ಲಿ ಇದೇ ಆಯಿತು. ಮೊದಲು ಸವೆತ ಅಂದರು. ಅವರು ಗಲಾಟೆ ಮಾಡಲಿಲ್ಲ, ಹಳೇ ಪ್ಲೇಟ್ ತೋರಿಸಿ ಅಂತ ಕೂತರು. ಪ್ಲೇಟ್ ಆಯಿಲಿನಲ್ಲಿ ಮಿಂದಿತ್ತು. ಸೀಲಿಗೂ, ಕೂಲಿಗೂ ವಾರಂಟಿ ಸಿಕ್ಕಿತು, ಪ್ಲೇಟಿನ ದುಡ್ಡು ಅರ್ಧರ್ಧ ಅಂತ ಮುಗಿಯಿತು. ಪೂರ್ತಿ ಗೆಲುವಲ್ಲ. ಆದರೆ ಗೇರ್‌ಬಾಕ್ಸ್ ಇಳಿಸಿ ಹತ್ತಿಸುವ ಕೂಲಿಯೇ ದೊಡ್ಡ ಮೊತ್ತ, ಅದು ಉಳಿಯಿತು.

ಇನ್ನು ಉಳಿದ ಬಾಗಿಲುಗಳನ್ನು ಬೇಗ ಹೇಳಿಬಿಡುತ್ತೇನೆ. ಸರ್ವೀಸ್ ತಪ್ಪಿಸಿದ್ದು. ಇಲ್ಲಿ ಮೋಸ ಹೋಗುವುದು ಕಡಿಮೆ ಓಡಿಸುವವರು. 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಬರೆದಿದ್ದರೆ, ನಾಲ್ಕೇ ಸಾವಿರ ಓಡಿದ್ದರೂ ವರ್ಷಕ್ಕೆ ಸರ್ವೀಸ್ ಆಗಬೇಕು. ಕೊಯ್ಲು ಮುಗಿಯಲಿ ಅಂತ ಮುಂದೂಡಿದ್ದು ಮುಳುವಾಗುತ್ತದೆ. ಎಷ್ಟೋ ಕಾರುಗಳ ಪುಸ್ತಕದಲ್ಲಿ ಗುಡ್ಡಗಾಡು, ಧೂಳು, ಕೆಸರಿನ ಬಳಕೆಗೆ ಬೇರೆ ಪಟ್ಟಿಯೇ ಇರುತ್ತದೆ, ಅದರಲ್ಲಿ ಆಯಿಲ್ ಬೇಗ ಬದಲಿಸಲು ಹೇಳಿರುತ್ತಾರೆ. ನಮ್ಮದು ಆ ಪಟ್ಟಿಯ ಬಳಕೆಯೇ. ಆಮೇಲೆ, ಎಚ್ಚರಿಕೆ ದೀಪ ಹತ್ತಿದ ಮೇಲೂ ಓಡಿಸಿದ್ದು. ಹೊರಗಿನ ಮೆಕ್ಯಾನಿಕ್ ಬಿಚ್ಚಿದ್ದು. ಮೀಟರ್ ತಿರುಗಿಸಿದ್ದು, ಅದನ್ನು ಹಿಂದಿನವರು ಮಾಡಿದ್ದರೂ ಕ್ಲೇಮ್ ಹೋಗುವುದು ನಿಮ್ಮದು. ಬಾಡಿಗೆಗೆ ಓಡಿಸಿದ್ದು.

ಕೆಟ್ಟ ದಿನದ ಕೆಲಸ

ಗಾಡಿ ಮುಷ್ಕರ ಹೂಡಿದ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಪಕ್ಕದಲ್ಲಿ ಕೂತವರ ಕೈಗೆ ಫೋನ್ ಕೊಟ್ಟು ವಿಡಿಯೋ ಮಾಡಿಸಿ. ಮೀಟರ್, ಕಿ.ಮೀ., ಹತ್ತಿದ ದೀಪ, ಲಿವರ್ ಎಲ್ಲಿದೆ ಅನ್ನುವುದು ಒಂದೇ ಶಾಟಿನಲ್ಲಿ ಬರಲಿ, ಸದ್ದೂ ಕೇಳಲಿ. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ವಿಡಿಯೋ ಆಗುತ್ತದಲ್ಲ. ಗೇರ್ ಒಂದೇ ಕಡೆ ಸಿಕ್ಕಿಕೊಂಡು ಗಾಡಿ ನಿಧಾನವಾಗಿ ಮಾತ್ರ ಹೋಗುತ್ತಿದ್ದರೆ ಅದು ಕಂಪ್ಯೂಟರ್ ತನ್ನನ್ನು ಕಾಪಾಡಿಕೊಳ್ಳಲು ಮಾಡುವ ಉಪಾಯ. ಇಂಗ್ಲಿಷಿನಲ್ಲಿ ಲಿಂಪ್ ಮೋಡ್ ಅನ್ನುತ್ತಾರೆ. ಹತ್ತಿರದ ಸುರಕ್ಷಿತ ಜಾಗಕ್ಕೆ ಮುಟ್ಟಲು ಅದು ಸಾಕು, ಶಿವಮೊಗ್ಗದವರೆಗೆ ಎಳೆಯಲು ಅಲ್ಲ.

ಊರಿನ ಮೆಕ್ಯಾನಿಕ್ ಬಂದು ಸಹಾಯ ಮಾಡುತ್ತೇನೆ ಅಂದರೆ ಪ್ರೀತಿಯಿಂದ ಬೇಡ ಅನ್ನಿ. ಅವರ ಕೈಗುಣ ಎಷ್ಟೇ ಚೆನ್ನಾಗಿರಲಿ, ಒಮ್ಮೆ ಬಿಚ್ಚಿದರೆ ವಾರಂಟಿಯವರಿಗೆ ನೆಪ ಸಿಕ್ಕಿತು. ಬ್ಯಾಟರಿ ವೈರ್ ತೆಗೆದು ಹಾಕುವ ಉಪಾಯವೂ ಬೇಡ. ಕೆಲವು ಕಾರುಗಳಲ್ಲಿ ಅದರಿಂದ ಎರರ್ ಕೋಡ್ ಅಳಿಸಿ ಹೋಗುತ್ತದೆ, ನಿಮ್ಮ ಸಾಕ್ಷಿಯನ್ನು ನೀವೇ ಒರೆಸಿದ ಹಾಗೆ. ಪಿ0700 ಅನ್ನುವ ಕೋಡ್ ಸಿಕ್ಕರೆ ಗೇರ್‌ಬಾಕ್ಸ್ ಕಂಪ್ಯೂಟರಿನ ಬಳಿ ಬೇರೆ ದೂರು ದಾಖಲಾಗಿದೆ ಅಂತ ಅರ್ಥ. ಪಿ0730 ಅಂದರೆ ಗೇರಿನ ಅನುಪಾತ ತಪ್ಪಾಗಿದೆ ಅಂತ. ಸರ್ವೀಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿದಾಗ ಸ್ಕ್ರೀನಿನ ಫೋಟೋ ತೆಗೆದುಕೊಳ್ಳಿ, ಕೋಡ್ ಅಳಿಸುವ ಮೊದಲೇ.

ಸರ್ವೀಸ್ ಸೆಂಟರಿನವರು ನಿಮ್ಮ ದೂರು ಬರೆದುಕೊಳ್ಳುವ ಕಾಗದ, ಅಂದರೆ ಜಾಬ್ ಕಾರ್ಡ್ ವಿಷಯದಲ್ಲಿ ಸ್ವಲ್ಪ ಹಟ ಬೇಕು. ಅಲ್ಲಿನ ಅಡ್ವೈಸರ್ 'ಗೇರ್ ಚೆಕ್' ಅಂತ ಎರಡು ಪದ ಟೈಪ್ ಮಾಡಿ ಸಹಿ ಕೇಳುತ್ತಾರೆ. ಆ ಎರಡು ಪದ ಯಾವ ಕೆಲಸಕ್ಕೂ ಬಾರದು. 'ಅರ್ಧ ಗಂಟೆ ಏರು ಹತ್ತಿದ ಮೇಲೆ, ಗಾಡಿ ಬಿಸಿ ಇರುವಾಗ, ಎರಡನೇ ಗೇರ್ ಬೀಳುವುದಿಲ್ಲ, ದೀಪ ಹತ್ತುತ್ತದೆ, ತಣ್ಣಗಾದ ಮೇಲೆ ಸರಿಹೋಗುತ್ತದೆ, ವಿಡಿಯೋ ತೋರಿಸಲಾಗಿದೆ' ಅಂತ ಬರೆಸಿ. ಜಾಗ ಸಾಲದು ಅಂದರೆ ಅದನ್ನೇ ಅವರಿಗೆ ಮೇಲ್ ಮಾಡಿ, ಮೇಲ್ ಮಾಡಿದ ವಿಷಯ ಕಾರ್ಡಿನಲ್ಲಿ ಬರೆಸಿ. ಟೆಸ್ಟ್ ಡ್ರೈವಿಗೆ ನೀವೂ ಹೋಗಿ. ಬಿಸಿಯಾದಾಗ ಮಾತ್ರ ಬರುವ ತೊಂದರೆಯಾದರೆ ಶಿವಮೊಗ್ಗದೊಳಗೆ ಒಂದು ಸುತ್ತು ಹೊಡೆದು ಪ್ರಯೋಜನವಿಲ್ಲ. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಕಡೆಗಾದರೂ ಓಡಿಸಿ ಅಂತ ಕೇಳಿ. ಒಪ್ಪದಿದ್ದರೆ ಒಪ್ಪಲಿಲ್ಲ ಅನ್ನುವುದನ್ನೂ ಮೇಲಿನಲ್ಲಿ ಬರೆಯಿರಿ. ವಾರಂಟಿ ಮುಗಿಯುವ ಮೊದಲು ದಾಖಲಾದ ದೂರು, ಮುಗಿದ ಮೇಲೆ ಗೇರ್‌ಬಾಕ್ಸ್ ಪೂರ್ತಿ ಹೋದರೂ ವಾದಕ್ಕೆ ನಿಲ್ಲುತ್ತದೆ. ದಾಖಲಾಗದ ದೂರು ಬರೀ ನೆನಪು.

ಬಿಚ್ಚುವ ಮೊದಲು ಇನ್ನೊಂದು ಕೇಳಿ. ಬಿಚ್ಚಿ ನೋಡಿದ ಮೇಲೆ ವಾರಂಟಿ ಇಲ್ಲ ಅಂತಾದರೆ ಬಿಚ್ಚಿದ ಕೂಲಿ ಯಾರು ಕೊಡಬೇಕು? ಸಾಮಾನ್ಯವಾಗಿ ನೀವೇ. ಎಷ್ಟು ಅನ್ನುವುದನ್ನು ಬರಹದಲ್ಲಿ ತಗೊಂಡೇ ಸಹಿ ಹಾಕಿ. ಬಿಚ್ಚುವಾಗ ಫೋಟೋ ತೆಗೆಯಲು ಹೇಳಿ, ಹಳೇ ಪಾರ್ಟುಗಳನ್ನು ಎಸೆಯಬೇಡಿ ಅಂತ ಕಾರ್ಡಿನಲ್ಲೇ ಬರೆಸಿ.

ಆಗಲ್ಲ ಅಂದರೆ

ಬಾಯಲ್ಲಿ ಹೇಳಿದ 'ಆಗಲ್ಲ' ಅನ್ನು ಒಪ್ಪಬೇಡಿ. ವಾರಂಟಿ ಕಾಗದದ ಯಾವ ಷರತ್ತಿನ ಪ್ರಕಾರ ಆಗಲ್ಲ ಅಂತ ಬರೆದು ಕೊಡಿ ಅನ್ನಿ. ಬರೆಯಲು ಕೂತಾಗಲೇ ಎಷ್ಟೋ 'ಆಗಲ್ಲ'ಗಳು 'ನೋಡೋಣ' ಆಗುತ್ತವೆ. ಆಮೇಲೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಮೇಲ್, ಜಾಬ್ ಕಾರ್ಡುಗಳ ಪ್ರತಿ ಸಹಿತ. ಅಲ್ಲೂ ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕರೆ ಉಚಿತ. ಅದು ಕೋರ್ಟಲ್ಲ, ಆದರೆ ದೂರು ಕಂಪನಿಯ ಮೇಲಿನವರಿಗೆ ಮುಟ್ಟುತ್ತದೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಮ್ಮಂಥವರಿಗೆ ಒಂದು ದೊಡ್ಡ ಅನುಕೂಲ ಇದೆ. ಕಾರು ಬೆಂಗಳೂರಿನಲ್ಲಿ ತಗೊಂಡಿದ್ದರೂ ದೂರನ್ನು ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದಲ್ಲೇ ಹಾಕಬಹುದು. ನೀವು ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ವಕೀಲರಿಲ್ಲದೆ ನೀವೇ ವಾದಿಸಬಹುದು, ಆನ್‌ಲೈನಿನಲ್ಲೂ ದೂರು ಹಾಕಬಹುದು. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಕಾಯ್ದೆಯಲ್ಲಿ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನ ಅಂತ ಇದೆ. ನಡೆಯುವಾಗ ಅದಕ್ಕಿಂತ ಜಾಸ್ತಿ ಎಳೆಯಬಹುದು, ತಾಳ್ಮೆ ಇಟ್ಟುಕೊಳ್ಳಿ.

ಏನು ಕೇಳಬೇಕು ಅನ್ನುವುದರಲ್ಲೂ ಲೆಕ್ಕಾಚಾರ ಬೇಕು. 'ಕಾರೇ ವಾಪಸ್ ತಗೊಂಡು ಪೂರ್ತಿ ದುಡ್ಡು ಕೊಡಿ' ಅಂತ ಸಿಟ್ಟಿನಲ್ಲಿ ಬರೆಯುವವರು ಜಾಸ್ತಿ. 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಷರತ್ತಿನ ಪ್ರಕಾರ ಕಂಪನಿಯ ಹೊಣೆ ದೋಷವಿರುವ ಭಾಗವನ್ನು ರಿಪೇರಿ ಮಾಡುವುದು ಅಥವಾ ಬದಲಿಸುವುದು, ಇಡೀ ಕಾರನ್ನಲ್ಲ ಅಂತ ಹೇಳಿದೆ. ಅದಕ್ಕೆ ಗೇರ್‌ಬಾಕ್ಸ್ ಸರಿ ಮಾಡಿಕೊಡಿ, ಟೋಯಿಂಗ್ ಮತ್ತು ಓಡಾಟದ ಖರ್ಚು ಕೊಡಿ ಅಂತ ಬಿಲ್ ಸಮೇತ ಕೇಳುವುದೇ ಬಲವಾದ ಬೇಡಿಕೆ. ದೋಷ ಇದೆಯೋ ಇಲ್ಲವೋ ಅನ್ನುವ ವಾದ ಬಂದರೆ ತಜ್ಞರ ವರದಿ ಬೇಕಾಗುತ್ತದೆ. ಅಲ್ಲಿಯವರೆಗೆ ಗಾಡಿಯನ್ನು ಹೊರಗೆ ರಿಪೇರಿ ಮಾಡಿಸಿಬಿಟ್ಟರೆ ಪರೀಕ್ಷೆ ಮಾಡಲು ಏನೂ ಉಳಿದಿರುವುದಿಲ್ಲ.

ಇದೆಲ್ಲ ವ್ಯಾಪಾರ ಮಾಡುವವರಿಂದ ತಗೊಂಡಾಗ. ಪಕ್ಕದ ಊರಿನ ಮೇಷ್ಟ್ರು ತಮ್ಮ ಸ್ವಂತ ಕಾರು ಮಾರಿದರೆ ಅವರು ವ್ಯಾಪಾರಿಯಲ್ಲ, ಗ್ರಾಹಕರ ಆಯೋಗಕ್ಕೆ ಅವರನ್ನು ಎಳೆಯಲಾಗದು. ಡೀಲರ್ ಆದರೆ, 2023ರ ಏಪ್ರಿಲ್ 1ರಿಂದ ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರು ಆರ್‌ಟಿಒ ಕಡೆಯಿಂದ ಅಧಿಕೃತ ಪತ್ರ ಪಡೆಯಬೇಕು ಅನ್ನುವ ಕೇಂದ್ರದ ನಿಯಮ ಇದೆ. ಅದು ಇದೆಯಾ ಅಂತ ಕೇಳಿ. ಬಿಲ್ ಯಾರ ಹೆಸರಿನಿಂದ ಬರುತ್ತದೆ, ವಾರಂಟಿ ಕಾಗದದ ಕೆಳಗೆ ಯಾರ ಸೀಲಿದೆ ಅನ್ನುವುದೂ ಮುಖ್ಯ. ಮಾರಿದವರೊಬ್ಬರು, ಸೀಲ್ ಇನ್ನೊಬ್ಬರದು ಆದರೆ ದೂರಿನಲ್ಲಿ ಇಬ್ಬರನ್ನೂ ಸೇರಿಸಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾ ಕಾಲ ಕಳೆಯುತ್ತಾರೆ.

ಕ್ಲೇಮ್ ಒಪ್ಪಿದರು ಅಂತಿಟ್ಟುಕೊಳ್ಳಿ. ಆಗಲೂ ಎರಡು ವಿಷಯ ಬಾಕಿ. ಹಾಕಿದ ಗೇರ್‌ಬಾಕ್ಸ್ ಹೊಸದೋ, ರೀಕಂಡಿಷನ್ ಮಾಡಿದ್ದೋ, ಅದಕ್ಕೆ ಪ್ರತ್ಯೇಕ ವಾರಂಟಿ ಇದೆಯೋ, ಹಳೇ ವಾರಂಟಿಯ ಉಳಿದ ದಿನವಷ್ಟೋ ಅನ್ನುವುದು ಒಂದು. ಎಎಂಟಿ, ಡಿಸಿಟಿಯಾದರೆ ಹೊಸ ಕ್ಲಚ್ಚಿನ ಅಳತೆಯನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ ಆಗಿದೆಯಾ ಅನ್ನುವುದು ಇನ್ನೊಂದು. ಅದು ಆಗದಿದ್ದರೆ ಹೊಸ ಪ್ಲೇಟೂ ಜರ್ಕ್ ಹೊಡೆಯುತ್ತದೆ. ಗಾಡಿ ಕೈಗೆ ಬಂದ ವಾರದಲ್ಲೇ ಒಮ್ಮೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಮೊದಲು ಎಲ್ಲಿ ಕೈ ಕೊಟ್ಟಿತ್ತೋ ಅಂಥದೇ ಏರು ಹತ್ತಿಸಿ ನೋಡಿ. ಮತ್ತೆ ತೊಂದರೆ ಬಂದರೆ ಅದು ಹೊಸ ದೂರಲ್ಲ, ಹಳೇ ಕೆಲಸ ಮುಗಿದಿಲ್ಲ ಅಂತ ಬರೆಸಿ. ಬಿಲ್ಲಿನಲ್ಲಿ ಮೊತ್ತ ಸೊನ್ನೆ ಇದ್ದರೂ ಆ ಬಿಲ್ ಕೇಳಿ ತಗೊಳ್ಳಿ. ಯಾವ ಪಾರ್ಟ್ ಬದಲಾಯಿತು, ಎಷ್ಟು ಕಿ.ಮೀ.ಗೆ ಬದಲಾಯಿತು ಅನ್ನುವುದು ಅದರಲ್ಲೇ ಇರುವುದು, ಮುಂದೆ ಕಾರು ಮಾರುವಾಗ ತಗೊಳ್ಳುವವರು ಕೇಳುವುದೂ ಅದನ್ನೇ.